ಅವ್ವನ ಮಡಿಲ ಕೌದಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

"ವೃದ್ಧರ ಆರೈಕೆಯಲ್ಲಿ ದಾಸೋಹ ಭಾವ" ಎಂಬ ವಿಷಯ ಕೊಟ್ಟು ಪೂಜ್ಯರು ನನ್ನನ್ನು ಕರೆದಿದ್ದಾರೆ. ನಾನು ಶಾಸ್ತ್ರ ಓದಿದವನಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ನೌಕರಿ ಮಾಡಿ ನಿವೃತ್ತನಾದವನು. ಆದ್ದರಿಂದ ಉಪದೇಶ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು, ಅದರಲ್ಲೂ ನಾನು ಮಾಡಿದ ತಪ್ಪುಗಳನ್ನು, ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಅವ್ವನಿಗೆ ಈಗ ಎಂಬತ್ತೇಳು ವರ್ಷ. ಆರು ವರ್ಷಗಳ ಹಿಂದೆ ಸಾರಿಗೆ ಎರಡು ಸಲ ಉಪ್ಪು ಹಾಕತೊಡಗಿದಳು. ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ "ನನಗಿನ್ನೂ ರೊಟ್ಟಿ ಕೊಟ್ಟಿಲ್ಲ" ಅನ್ನತೊಡಗಿದಳು. ವಯಸ್ಸಾಯಿತು, ಅರಳು ಮರಳು ಎಂದು ನಾವು ನಕ್ಕೆವು. ಒಂದು ಸೋಮವಾರ ಮಠಕ್ಕೆ ಹೋದವಳು ನಲವತ್ತು ವರ್ಷ ನಡೆದ ದಾರಿಯಲ್ಲಿ ಮನೆ ಕಾಣದೆ ನಿಂತಿದ್ದಳು. ಹಾಲಿನ ಹುಡುಗ ಕೈ ಹಿಡಿದು ಕರೆತಂದ. ಆಮೇಲೆ ನಮ್ಮ ನಗು ನಿಂತಿತು.

ಸಂಬಂಧಿಕರೊಬ್ಬರು ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂದರು. ಇನ್ನೊಬ್ಬರು ಯಾರೋ ಏನೋ ಮಾಡಿಸಿದ್ದಾರೆ ಅಂದರು. ಕೊರಳಲ್ಲಿ ಇಷ್ಟಲಿಂಗ ಇರುವ ತಾಯಿಗೆ ತಾಯಿತ ಕಟ್ಟಿಸುವ ಕೆಲಸ ನಾನು ಮಾಡಲಿಲ್ಲ. ಡಾಕ್ಟರ ಬಳಿಗೆ ಕರೆದೊಯ್ದೆವು. ಅಲ್ಲಿ ತಿಳಿದದ್ದು: ಇದು ಡಿಮೆನ್ಷಿಯಾ, ಮಿದುಳಿನ ಕಾಯಿಲೆ. ಮುಪ್ಪಿನ ಮಾಮೂಲು ಮರೆವಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅಲ್ಝೈಮರ್ ಎಂಬುದೇ ಹೆಚ್ಚು ಜನರಲ್ಲಿ ಕಾಣುವಂಥದ್ದು. 1906ರಲ್ಲಿ ಜರ್ಮನಿಯ ಆಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಅದನ್ನು ಮೊದಲು ವಿವರಿಸಿದರು. ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಅಂದರೆ 100 ಹಿರಿಯರಲ್ಲಿ ಏಳು ಮಂದಿಗೆ. ಈ ಸಭೆಯಲ್ಲಿ ಕುಳಿತವರ ಎಷ್ಟೋ ಮನೆಗಳಲ್ಲಿ ಇದು ಇರಬೇಕು. ನಾಚಿಕೆಯಿಂದ ನಾವು ಬಾಗಿಲು ಮುಚ್ಚಿಕೊಂಡಿರುತ್ತೇವೆ, ಅಷ್ಟೇ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮರೆವು ಕಂಡ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೂ, ಬಿ-12 ಜೀವಸತ್ವ ಕಡಿಮೆಯಾದರೂ, ಮನಸ್ಸು ಖಿನ್ನವಾದರೂ ಮರೆವು ಬರುತ್ತದೆ. ಅಂಥ ಮರೆವು ಔಷಧದಿಂದ ಸುಧಾರಿಸಬಲ್ಲದು. ನಾವು ಸಸ್ಯಾಹಾರಿಗಳು. ಬಿ-12 ನಮಗೆ ಸಿಗುವುದು ಮುಖ್ಯವಾಗಿ ಹಾಲು, ಮೊಸರುಗಳಿಂದ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಅವ್ವನಿಗೂ ಬಿ-12 ಕಡಿಮೆ ಇತ್ತು. ಇಂಜೆಕ್ಷನ್ ಕೊಡಿಸಿದ ಮೇಲೆ ಸ್ವಲ್ಪ ಚುರುಕಾದಳು. ಆದರೆ ಒಳಗಿನ ಕಾಯಿಲೆ ಬೇರೆಯೇ ಇತ್ತು. ಅದು ನಿಲ್ಲಲಿಲ್ಲ.

ಈಗ ನನ್ನ ಮೊದಲನೆಯ ತಪ್ಪು.

ಮಕ್ಕಳೆಲ್ಲ ಸೇರಿ ಅವ್ವನನ್ನು ಎಲ್ಲಿಗಾದರೂ ಕರೆದೊಯ್ಯಬೇಕು, ನೆನಪಿರುವಾಗಲೇ ನಾಲ್ಕು ಊರು ತೋರಿಸಬೇಕು ಎಂದು ನಾನು ಹಟ ಹಿಡಿದೆ. ಬೆಂಗಳೂರಿನಿಂದ ಮಗಳು, ಅಳಿಯ, ಮೊಮ್ಮಗಳು ಬಂದರು. ಹೈದರಾಬಾದಿನಿಂದ ಮಗ, ಸೊಸೆ ಬಂದರು. ದಸರಾ ರಜೆಗೆ ಎಲ್ಲರೂ ಮೈಸೂರಿಗೆ ಹೊರಟೆವು. ಗಂಟೆ ಗಂಟೆಗೂ ಏನು ಮಾಡಬೇಕೆಂದು ಇಲಾಖೆಯ ಕಾಮಗಾರಿಗೆ ಮಾಡುವ ಹಾಗೆ ವೇಳಾಪಟ್ಟಿ ಬರೆದಿದ್ದೆ.

ಮೊದಲ ರಾತ್ರಿಯೇ ಹೋಟೆಲ್ ಕೋಣೆಯಲ್ಲಿ ಎರಡು ಗಂಟೆಗೆ ಅವ್ವ ಎದ್ದಳು. ಬಚ್ಚಲು ಎಲ್ಲಿದೆ ತಿಳಿಯಲಿಲ್ಲ. ಗೋಡೆಯಷ್ಟು ದೊಡ್ಡ ಕನ್ನಡಿಯಲ್ಲಿ ತನ್ನನ್ನೇ ನೋಡಿ, "ಆ ಮುದುಕಿ ಯಾರು, ಅಕಿ ಯಾಕ ನನ್ನ ನೋಡಾಕತ್ತಾಳ" ಎಂದು ಕೂಗಿಕೊಂಡಳು. ಬೆಳಗಾಗುವವರೆಗೂ ಯಾರೂ ಮಲಗಲಿಲ್ಲ. ಮರುದಿನ ದಸರಾ ಜನಜಂಗುಳಿಯಲ್ಲಿ ಒಂದು ಕ್ಷಣ ಕೈ ಬಿಟ್ಟಿದ್ದಕ್ಕೆ ಕಣ್ಮರೆಯಾದಳು. ನಲವತ್ತು ನಿಮಿಷ ಹುಡುಕಿದೆವು. ಆ ನಲವತ್ತು ನಿಮಿಷ ನನ್ನ ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ.

ಕೊನೆಗೆ ಸಿಕ್ಕಿದ್ದು ಒಂದು ಹೂವಿನಂಗಡಿಯ ಮುಂದೆ. ಹೂ ಮಾರುವ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಸೇವಂತಿಗೆ ಕಟ್ಟುತ್ತಿದ್ದಳು! ಆ ತಾಯಿ, "ನಿಮ್ಮ ತಾಯಿಯವರಾ ಸ್ವಾಮಿ? ಬಂದು ಕೂತ್ರು, ದಾರ ತಗೊಂಡ್ರು, ಕಟ್ಟಕ್ಕೆ ಶುರು ಮಾಡ್ಬಿಟ್ರು. ನಮಗಿಂತ ಬೇಗ ಕಟ್ತಾರೆ" ಅಂದಳು. ಎರಡು ದಿನದಿಂದ ಅವ್ವನ ಮುಖದಲ್ಲಿ ಇಲ್ಲದಿದ್ದ ನೆಮ್ಮದಿ ಆಗ ಇತ್ತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಸಿಕ್ಕಳಲ್ಲ ಎಂಬ ಸಮಾಧಾನದಲ್ಲಿ ಅದೇ ರಾತ್ರಿಯ ರೈಲಿಗೆ ಊರಿಗೆ ಬಂದೆವು.

ಎರಡನೆಯ ತಪ್ಪು ಮನೆಯಲ್ಲೇ ನಡೆಯಿತು. ಪ್ರವಾಸ ಬೇಡ, ಎಲ್ಲರೂ ಇಲ್ಲಿಗೇ ಬನ್ನಿ ಎಂದು ದೀಪಾವಳಿಗೆ ಮಕ್ಕಳನ್ನು ಕರೆಸಿದೆ. ಬಂದವರೆಲ್ಲ ಪ್ರೀತಿಯಿಂದಲೇ ಅವ್ವನ ಮುಂದೆ ನಿಂತು, "ಆಯಿ, ನಾ ಯಾರು ಹೇಳು ನೋಡೂಣು?" ಎಂದು ಕೇಳತೊಡಗಿದರು. ಒಬ್ಬರಾದ ಮೇಲೊಬ್ಬರು. ಮೊದಲು ಅವ್ವ ನಕ್ಕಳು, ಆಮೇಲೆ ತಲೆ ತಗ್ಗಿಸಿದಳು, ಆಮೇಲೆ ಹೋಳಿಗೆಯ ತಾಟು ದೂಡಿ ಎದ್ದುಹೋದಳು. ಆಗ ಹತ್ತು ವರ್ಷದ ಮೊಮ್ಮಗಳು ನನ್ನ ಬಳಿ ಬಂದು, "ಅಜ್ಜ, ದೊಡ್ಡ ಆಯಿಗೆ ಎಲ್ಲರೂ ಯಾಕೆ ಪರೀಕ್ಷೆ ಮಾಡ್ತಿದ್ದೀರಿ? ನಮಗೂ ರಜೆಯಲ್ಲಿ ಪರೀಕ್ಷೆ ಇರಲ್ಲ" ಅಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಅವ್ವನ ಮುಂದೆ ಕುಳಿತವರು ತಾವೇ ತಮ್ಮ ಹೆಸರು, ಸಂಬಂಧ ಹೇಳಿಕೊಳ್ಳಬೇಕು. ಪ್ರಶ್ನೆ ಕೇಳಬಾರದು. ಒಂದೇ ದಿನ ಎಲ್ಲರೂ ಮುತ್ತಬಾರದು, ಇಬ್ಬರಿಬ್ಬರಾಗಿ ಕೂಡಬೇಕು. ಪಟಾಕಿ, ಟಿ.ವಿ. ಗದ್ದಲ ಅವಳ ಕೋಣೆಯಿಂದ ದೂರ ಇರಬೇಕು. ಊಟ, ಸ್ನಾನ, ನಿದ್ದೆಯ ಹೊತ್ತು ಹಬ್ಬವಿದ್ದರೂ ಬದಲಾಗಬಾರದು.

ಮೂರನೆಯ ತಪ್ಪು ಹೇಳುವುದಕ್ಕೆ ಕಷ್ಟ, ಆದರೂ ಹೇಳಬೇಕು.

ಹೊತ್ತು ಇಳಿಯುತ್ತಿದ್ದಂತೆ ಅವ್ವನಿಗೆ ಚಡಪಡಿಕೆ ಸುರುವಾಗುತ್ತದೆ. ಈ ಕಾಯಿಲೆ ಇದ್ದವರಲ್ಲಿ ಹಲವರಿಗೆ ಸಂಜೆಯ ಹೊತ್ತು ಹೀಗೇ. ಸೆರಗು ಹಿಂಡುತ್ತಾಳೆ, ಹಾಸಿಗೆಯ ಅಂಚು ಕೀಳುತ್ತಾಳೆ, ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. "ತಮ್ಮಾ, ನನ್ನ ನಮ್ಮ ಮನಿಗಿ ಕರಕೊಂಡ ಹೋಗಪಾ. ಹೊತ್ತ ಮುಳುಗಾಕ ಬಂತು. ನಮ್ಮವ್ವ ದಾರಿ ನೋಡತಿರ್ತಾಳ."

ಅವಳು ಹೇಳುವ ಮನೆ ಅವಳ ತವರುಮನೆ. ಆ ಊರು ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲೇ ನಾನು ನೌಕರಿ ಮಾಡಿದ್ದು. ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರಕ್ಕೆ ನೀರು ನಿಂತರೆ ಯಾವ ಊರಿನ ಯಾವ ಮನೆ ಮುಳುಗುತ್ತದೆ ಎಂದು ಅಳೆದು ಗುರುತು ಹಾಕುವ ತಂಡದಲ್ಲಿ ನಾನೂ ಇದ್ದೆ. ಅವ್ವನ ತವರುಮನೆಯ ಕಟ್ಟೆಯ ಮೇಲೆ ಕುಳಿತು ಸೋದರಮಾವ ಕೊಟ್ಟ ಮಜ್ಜಿಗೆ ಕುಡಿದು, ಆ ಮನೆಯ ಗೋಡೆಗೂ ಗುರುತು ಬರೆಸಿದೆ. ಲಕ್ಷಾಂತರ ಎಕರೆ ಒಣಭೂಮಿಗೆ ನೀರು ಕೊಡುವ ಕೆಲಸ ಅದು, ಅದರ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ. ಅವ್ವನೂ ಆಗ ಒಂದು ಮಾತು ಆಡಲಿಲ್ಲ.

ಅಂಥ ಅವ್ವ ಸಂಜೆ ಸಂಜೆಗೆ ಮನೆಗೆ ಕರೆದುಕೊಂಡು ಹೋಗು ಅಂದಾಗ ನಾನು ಎಂಜಿನಿಯರನ ಹಾಗೆ ವಾಸ್ತವ ಹೇಳುತ್ತಿದ್ದೆ. "ಯವ್ವಾ, ಆ ಊರ ನೀರಾಗ ಮುಳಗಿ ಇಪ್ಪತ್ತ ವರ್ಷದ ಮ್ಯಾಲಾತು. ನಿಮ್ಮವ್ವ ತೀರಿಕೊಂಡು ನಲವತ್ತ ವರ್ಷ ಆತು." ಪ್ರತಿ ಸಲವೂ ಅವ್ವ ಅದನ್ನು ಮೊದಲ ಸಲ ಕೇಳಿದಂತೆ ಕೇಳಿ, ಎದೆ ಬಡಿದುಕೊಂಡು ಅಳುತ್ತಿದ್ದಳು. ಅರ್ಧ ಗಂಟೆಯ ಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ನನ್ನ ಅದೇ ಉತ್ತರ, ಮತ್ತೆ ಹೊಸದಾಗಿ ಸಾವಿನ ದುಃಖ. ತಾಯಿ ಸತ್ತ ಸುದ್ದಿಯನ್ನು ನಾನು ಅವ್ವನಿಗೆ ನೂರಾರು ಸಲ ಮುಟ್ಟಿಸಿದ್ದೇನೆ, ಬಂಧುಗಳೇ. ಸತ್ಯ ಹೇಳುತ್ತಿದ್ದೇನೆ ಎಂಬ ಬಿಗುಮಾನದಲ್ಲಿ.

2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ನಡೆಯಿತು. ಅಲ್ಝೈಮರ್ ಇರುವವರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಅವರು ನೋಡಿದ್ದನ್ನು ಮರೆತಿದ್ದರು. ಆದರೆ ದುಃಖವಾಗಲಿ ಸಂತೋಷವಾಗಲಿ ಮನಸ್ಸಿನಲ್ಲಿ ಉಳಿದೇ ಇತ್ತು. ಇದನ್ನು ಮಗಳು ನನಗೆ ಓದಿ ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ನಾನು ಆಡಿದ ಮಾತು ಅವ್ವನಿಗೆ ಮರೆತಿತ್ತು. ಅಳು ಮಾತ್ರ ರಾತ್ರಿಯೆಲ್ಲ ಅವಳ ಜೊತೆ ಮಲಗುತ್ತಿತ್ತು.

ಶರಣರು ಸತ್ಯವನ್ನು ದೊಡ್ಡದೆಂದರು, ಹಾಗಾದರೆ ಸುಳ್ಳು ಹೇಳಬೇಕೇ ಎಂದು ನೀವು ಕೇಳಬಹುದು. ನಾನೂ ಬಹಳ ಯೋಚಿಸಿದೆ. ಈಗ ನಾನು "ನಿಮ್ಮವ್ವ ಇದ್ದಾಳ" ಎಂದು ಹೇಳುವುದಿಲ್ಲ, "ಇಲ್ಲ" ಎಂದೂ ಹೇಳುವುದಿಲ್ಲ. "ನಿಮ್ಮವ್ವ ಏನ ಅಡಿಗಿ ಚಂದ ಮಾಡತಿದ್ಲಬೇ? ಮನಿ ಮುಂದ ಯಾವ ಗಿಡ ಇತ್ತು?" ಎಂದು ಕೇಳುತ್ತೇನೆ. ಅವ್ವ ಬೇವಿನ ಗಿಡದ ಬಗ್ಗೆ, ನೆಲವಿನ ಮೇಲಿನ ಬೆಣ್ಣೆಯ ಬಗ್ಗೆ ಹೇಳತೊಡಗುತ್ತಾಳೆ. ಮನೆ ಅಂದರೆ ಅವಳಿಗೆ ಭಯವಿಲ್ಲದ ಜಾಗ. ಅವಳು ಕೇಳುತ್ತಿರುವುದು ಅದನ್ನು. ಅದನ್ನು ಕೊಡುವುದು ನನ್ನ ಕೈಯಲ್ಲಿದೆ.

ಆದರೆ ಬರೀ ಮಾತು ಸಾಲುತ್ತಿರಲಿಲ್ಲ, ಕೈಗಳ ಚಡಪಡಿಕೆ ನಿಲ್ಲುತ್ತಿರಲಿಲ್ಲ. ಬೇಸಿಗೆ ರಜೆಗೆ ಬಂದ ಮಗಳು ಒಂದು ವಿಷಯ ತಂದಳು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳಿಗೆ ಸ್ವಯಂಸೇವಕರು ಉಣ್ಣೆಯಲ್ಲಿ ಕೈತೋಳಿನಂಥ ಒಂದು ವಸ್ತು ಹೆಣೆದು ಕೊಡುತ್ತಾರಂತೆ. ಒಳಗೂ ಹೊರಗೂ ಗುಂಡಿ, ಲಾಡಿ, ಗೊಂಡೆ. ರೋಗಿ ಕೈಯಾಡಿಸುತ್ತ ಶಾಂತವಾಗಿ ಕೂಡುತ್ತಾರೆ. ಅದಕ್ಕೆ ಟ್ವಿಡಲ್ ಮಫ್ ಎಂದು ಹೆಸರು. ಆಗ ನನಗೆ ಮೈಸೂರಿನ ಹೂವಿನಂಗಡಿ ನೆನಪಾಯಿತು. ನಿನ್ನೆ ಏನಾಯಿತು ಎಂಬ ನೆನಪು ಈ ಕಾಯಿಲೆಯಲ್ಲಿ ಮೊದಲು ಹೋಗುತ್ತದೆ. ಕೈ ಕಲಿತ ಕೆಲಸದ ನೆನಪು ಮಿದುಳಿನಲ್ಲಿ ಬೇರೆ ಕಡೆ ಇರುತ್ತದೆ, ಬಹಳ ಕಾಲ ಉಳಿಯುತ್ತದೆ. ಇಂದಿಗೂ ಅವ್ವ ಯಾವ ವಾರ ಎಂದು ಹೇಳಲಾರಳು. ಆದರೆ ಬೆಳಿಗ್ಗೆ ಸ್ನಾನವಾದ ಮೇಲೆ ಅವಳ ಎಡಗೈ ತಾನಾಗಿಯೇ ಮುಂದೆ ಬರುತ್ತದೆ, ಲಿಂಗ ಹಿಡಿಯಲು ಅಂಗೈ ಬಟ್ಟಲಾಗುತ್ತದೆ.

ನಮ್ಮಲ್ಲಿ ಉಣ್ಣೆ ಹೆಣೆಯುವ ರೂಢಿ ಕಡಿಮೆ. ಆದರೆ ಕೌದಿ ಇದೆಯಲ್ಲ! ಅವ್ವನ ಟ್ರಂಕು ತೆಗೆದೆವು. ಹರಿದ ಇಲಕಲ್ ಸೀರೆಗಳು, ಗುಳೇದಗುಡ್ಡದ ಖಣದ ತುಂಡುಗಳು, ಅಪ್ಪನ ಒಂದು ಖಾದಿ ಅಂಗಿ. ನಾನು ಗ್ರಾಫ್ ಕಾಗದದ ಮೇಲೆ ನಕ್ಷೆ ಬರೆದೆ: ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ತಾಯಿಯನ್ನು ಕರೆಸಿ ನಕ್ಷೆ ತೋರಿಸಿದರೆ ಅವರು ನಕ್ಕು, "ಸಾಹೇಬ್ರ, ಕೌದಿಗಿ ನಕ್ಷೆ ಬ್ಯಾಡ್ರಿ. ಅರಿವಿ ಹೆಂಗ ಹೇಳತೈತಿ ಹಂಗ ಹೊಲೀಬೇಕು" ಅಂದರು. ನಕ್ಷೆ ಮಡಚಿಟ್ಟೆ.

ಹದಿನೈದು ದಿನ ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತು ಹೊಲಿದೆವು. ಅಳಿಯ ಸೂಜಿಗೆ ದಾರ ಪೋಣಿಸಿದರು. ಮಗ ಬಟ್ಟೆ ಕತ್ತರಿಸಿದ. ಮೊಮ್ಮಗಳು ಖಣದಲ್ಲಿ ನಾಲ್ಕು ಸಣ್ಣ ಕಿಸೆ ಮಾಡಿದಳು, ಅವ್ವ ಮೊದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆ ಅಡಿಕೆಯ ಚಂಚಿಯ ಹಾಗೆ. ಒಂದು ಕಡೆ ಗುಂಡಿ ಮತ್ತು ಕಾಜ, ಒಂದು ಕಡೆ ಕಟ್ಟಿ ಬಿಚ್ಚುವ ಲಾಡಿ, ಮೂಲೆಗೆ ಗೊಂಡೆ. ಮಧ್ಯದಲ್ಲಿ ಅಪ್ಪನ ಅಂಗಿಯ ಕಿಸೆಯನ್ನು ಇದ್ದ ಹಾಗೇ ಹಚ್ಚಿದರು. ಪಕ್ಕದಲ್ಲೇ ಕುಳಿತ ಅವ್ವ ಒಂದು ದಿನ ನನ್ನ ಕೈಯಿಂದ ಸೂಜಿ ಕಸಿದುಕೊಂಡು, "ಹಿಂಗಲ್ಲೋ ಹುಚ್ಚ" ಎಂದು ಒಂದು ಗೇಣು ಹೊಲಿದಳು. ಆ ಗೇಣು ಕೌದಿಯಲ್ಲಿ ಈಗಲೂ ಗುರುತು ಸಿಗುತ್ತದೆ. ಅಷ್ಟು ನೇರವಾದ ಹೊಲಿಗೆ ನಮ್ಮ ಯಾರದೂ ಇಲ್ಲ.

ಮಾಡಿಕೊಳ್ಳುವವರಿಗಾಗಿ ನಾಲ್ಕು ವಿವರ. ಗುಂಡಿ ದೊಡ್ಡದಿರಲಿ, ಗಟ್ಟಿಯಾಗಿರಲಿ. ಬಾಯಿಗೆ ಹಾಕಿಕೊಂಡರೆ ಅಪಾಯ. ನಾನು ಒಂದೊಂದು ಗುಂಡಿಯನ್ನೂ ಇಕ್ಕಳದಿಂದ ಜಗ್ಗಿ ಪರೀಕ್ಷಿಸಿದ್ದೇನೆ. ಮಣಿ, ಪಿನ್ನು ಬೇಡ. ಲಾಡಿ ಒಂದು ಗೇಣಿಗಿಂತ ಉದ್ದ ಬೇಡ. ಒಗೆಯಲು ಬರುವ ಬಟ್ಟೆಯೇ ಇರಲಿ. ಒಂದೇ ತರಹದ್ದು ಎರಡು ಮಾಡಿ, ಒಂದು ಒಗೆಯಲು ಹೋದಾಗ ಇನ್ನೊಂದು ಇರಲಿ. ಎಲ್ಲಕ್ಕಿಂತ ಮುಖ್ಯ, ಅವರ ಹಳೆಯ ಬಟ್ಟೆಯಿಂದಲೇ ಮಾಡಿ. ಆ ಸ್ಪರ್ಶ ಅವರಿಗೆ ಪರಿಚಿತ.

ಕೌದಿಯಿಂದ ಕಾಯಿಲೆ ವಾಸಿಯಾಗಲಿಲ್ಲ, ಎಲ್ಲ ಸಂಜೆಯೂ ಶಾಂತವಾಗಲಿಲ್ಲ. ಕೆಲವು ದಿನ ಅವ್ವ ಅದನ್ನೂ ಬಿಸಾಡುತ್ತಾಳೆ. ಆದರೆ ಬಹಳಷ್ಟು ಸಂಜೆ ಅದನ್ನು ಮಡಿಲಲ್ಲಿಟ್ಟುಕೊಂಡು ಗುಂಡಿ ಹಾಕುತ್ತ, ತೆಗೆಯುತ್ತ, ಅಪ್ಪನ ಕಿಸೆಯಲ್ಲಿ ಕೈಯಿಟ್ಟುಕೊಂಡು ಕೂಡುತ್ತಾಳೆ. ಆ ಒಂದು ಗಂಟೆ ನನ್ನ ಹೆಂಡತಿಗೆ ಬಿಡುವು ಸಿಗುತ್ತದೆ.

ಹೆಂಡತಿಯ ಮಾತು ಬಂತು. ಅದನ್ನೂ ಹೇಳಲೇಬೇಕು. ಕಾಯಿಲೆಯ ಮೊದಲ ಎರಡು ವರ್ಷ ನಾನು ಡಾಕ್ಟರ ಚೀಟಿ ಹಿಡಿದು ಓಡಾಡಿದೆ. ಸ್ನಾನ ಮಾಡಿಸಿದ್ದು, ಒದ್ದೆ ಹಾಸಿಗೆ ಬದಲಿಸಿದ್ದು, ರಾತ್ರಿ ಎದ್ದು ಕುಳಿತದ್ದು ಅವಳೊಬ್ಬಳೇ. ಅವಳಿಗೂ ಅರವತ್ತು ದಾಟಿದೆ. ಒಂದು ದಿನ ಇದೇ ಮಠದಲ್ಲಿ ದಾಸೋಹದ ಬಗ್ಗೆ ಮಾತಾಡಿ ಮನೆಗೆ ಹೋದೆ. ಅವಳು, "ನೀವು ಮಠದಾಗ ಮಾತಾಡೂದಕ್ಕ ದಾಸೋಹ ಅಂತೀರಿ. ನಾ ಮನ್ಯಾಗ ಮಾಡೂದಕ್ಕ ಏನಂತೀರಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಸೇವೆ ಸೊಸೆಯ ಪಾಲು, ಮೆಚ್ಚುಗೆ ಮಗನ ಪಾಲು ಎಂಬ ರೂಢಿಯನ್ನು ನಾವು ಎಷ್ಟು ದಿನ ಇಟ್ಟುಕೊಳ್ಳಬೇಕು? ಹೆಣ್ಣು ಗಂಡು ಸಮಾನ ಎಂದು ವೇದಿಕೆಯಲ್ಲಿ ಹೇಳುವ ನಾವು ಆ ಸಮಾನತೆಯನ್ನು ಬಚ್ಚಲಮನೆಗೂ ಒಯ್ಯಬೇಕು. ಈಗ ಊಟ ಮಾಡಿಸುವುದು, ರಾತ್ರಿ ಕಾವಲು ನನ್ನದು. ಮಕ್ಕಳು ರಜೆಗೆ ಬಂದಾಗ ಮೊದಲ ಮೂರು ದಿನ ಅವ್ವನ ಜವಾಬ್ದಾರಿ ಅವರದು. ಹೆಂಡತಿ ತನ್ನ ತಂಗಿಯ ಮನೆಗೆ ಹೋಗಿ ನಿದ್ದೆ ಮಾಡಿ ಬರುತ್ತಾಳೆ. ನಮ್ಮ ಮನೆಯ ನಿಜವಾದ ರಜೆ ಅದು.

ಕಳೆದ ಡಿಸೆಂಬರ್ ರಜೆಯಲ್ಲಿ ಒಂದೇ ದಿನದ ಪ್ರಯಾಣ ಮಾಡಿದೆವು. ಬಾಗಲಕೋಟೆಯ ನಮ್ಮ ಮನೆಯಿಂದ ಕೂಡಲಸಂಗಮಕ್ಕೆ. ಬೆಳಿಗ್ಗೆ ಹೋಗಿ ಹೊತ್ತು ಇಳಿಯುವುದರೊಳಗೆ ಮರಳುವುದು. ಒಂದೇ ಕಾರು, ನಾಲ್ಕೇ ಜನ. ಅವ್ವನ ಚೆಂಬು, ಅವ್ವನ ರೊಟ್ಟಿ, ಮಡಿಲಲ್ಲಿ ಕೌದಿ.

ಅಲ್ಲಿ ನೀರಿನ ಮುಂದೆ ಅವ್ವನನ್ನು ಕೂಡಿಸಿದೆ. ಆ ನೀರು ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಅವಳ ತವರಿನ ಮೇಲೆ ನಿಂತಿರುವುದು ಆಲಮಟ್ಟಿಯದು. ಆದರೆ ನದಿ ಅದೇ ಕೃಷ್ಣೆ. ನನಗೆ ಒಳಗೊಳಗೇ ಅಂಜಿಕೆ. ಅವ್ವ ಬಹಳ ಹೊತ್ತು ನೀರನ್ನೇ ನೋಡಿದಳು. ಗುಂಡಿಯೊಂದನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತ, "ಭಾಳ ನೀರ ಐತಿ. ಬೆಳಿ ಚಲೋ ಬರತಾವು" ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ನಾನು ಯಾರೆಂಬುದು ಅವಳಿಗೆ ಆಗ ತಿಳಿದಿರಲಿಲ್ಲ. ನನಗೆ ಮಾತ್ರ ಎಷ್ಟೋ ವರ್ಷದ ಭಾರ ಇಳಿದಂತಾಯಿತು.

ಬಸವಣ್ಣನವರ ಐಕ್ಯಮಂಟಪವನ್ನು ನೀವೆಲ್ಲ ನೋಡಿದ್ದೀರಿ. ಹಿನ್ನೀರು ಬರುವುದನ್ನು ತಡೆಯಲು ಆಗುತ್ತಿರಲಿಲ್ಲ. ಎಂಜಿನಿಯರುಗಳು ಐಕ್ಯಸ್ಥಳದ ಸುತ್ತ ಬಾವಿಯಂತೆ ದುಂಡನೆಯ ಗೋಡೆ ಎತ್ತಿದರು. ಇಂದು ಸುತ್ತಲೂ ನೀರಿದೆ. ನಾವು ಮೆಟ್ಟಿಲಿಳಿದು ಹೋಗಿ ಒಳಗೆ ಒಣನೆಲದ ಮೇಲೆ ನಿಲ್ಲುತ್ತೇವೆ. ಮರೆವೂ ಹಾಗೆಯೇ ಏರುತ್ತದೆ. ಅದನ್ನು ತಡೆಯುವ ಅಣೆಕಟ್ಟು ಇನ್ನೂ ಯಾರ ಬಳಿಯೂ ಇಲ್ಲ. ಆದರೆ ಉಳಿದಿರುವ ಒಂದಿಷ್ಟು ಜಾಗದ ಸುತ್ತ ಗೋಡೆ ಎತ್ತುವುದು ನಮ್ಮಿಂದ ಸಾಧ್ಯ. ಪರಿಚಿತ ಬಟ್ಟೆ, ಪರಿಚಿತ ಧ್ವನಿ, ಕೈಗೊಂದು ಕೆಲಸ, ಪ್ರಶ್ನೆ ಕೇಳದ ಜನ. ಗೋಡೆ ಅಂದರೆ ಇಷ್ಟೇ.

ಪೂಜ್ಯರಲ್ಲಿ ಮೂರು ವಿನಂತಿ. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ ದಿನ. ಅಂದು ಮಠದಲ್ಲಿ ಹಿರಿಯರಿಗೆ ಮರೆವಿನ ತಪಾಸಣೆಯ ಶಿಬಿರ ನಡೆಯಲಿ. ಬೇಸಿಗೆ ಶಿಬಿರದ ಮಕ್ಕಳಿಗೆ ಓಣಿಯ ತಾಯಂದಿರಿಂದ ಮಡಿಲ ಕೌದಿ ಹೊಲಿಯಲು ಕಲಿಸೋಣ. ಮತ್ತು ಇಂಥ ಹಿರಿಯರಿರುವ ಮನೆಗೆ ವಾರಕ್ಕೆ ಎರಡು ಗಂಟೆ ಹೋಗಿ ಕೂಡುವ ಯುವಕ ಯುವತಿಯರ ಒಂದು ಪಟ್ಟಿ ಮಾಡೋಣ. ಅನ್ನದ ದಾಸೋಹ ನಮ್ಮಲ್ಲಿದೆ. ವೇಳೆಯ ದಾಸೋಹವೂ ಆಗಲಿ. ಮನೆಯವರು ದಾರಿ ಕಾಣದಾದಾಗ ಹಿರಿಯರ ಸಹಾಯವಾಣಿ 14567ಕ್ಕೆ, ಮನಸ್ಸು ಕುಸಿದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕೇಳುವುದರಲ್ಲಿ ಅವಮಾನವಿಲ್ಲ.

ಅವ್ವ ಈಗ ನನ್ನನ್ನು "ಅಣ್ಣಾ" ಅನ್ನುತ್ತಾಳೆ. ನನ್ನಲ್ಲಿ ಅವಳು ಕಾಣುತ್ತಿರುವುದು ತವರಿನ ಅಣ್ಣನನ್ನು, ನನಗೆ ಮಜ್ಜಿಗೆ ಕೊಟ್ಟ ಸೋದರಮಾವನನ್ನು. ನಾನು ತಿದ್ದುವುದಿಲ್ಲ. ಇವತ್ತು ಇಲ್ಲಿಗೆ ಹೊರಟಾಗಲೂ, "ಅಣ್ಣಾ, ಹೊತ್ತ ಮುಳುಗೂದ್ರಾಗ ಬಾ" ಅಂದಳು. ಆದ್ದರಿಂದ ನಾನು ಬೇಗ ಹೋಗಬೇಕು.